ಇಳಿಸು ಎಂದ ಕೈ

ತೋರಣಗಲ್ಲು
11 ಜನವರಿ 2025

ಸುಂಕಪ್ಪಣ್ಣನವರಿಗೆ ನಮಸ್ಕಾರ.

ಎಷ್ಟೋ ಸಲ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಒಮ್ಮೆ ನಿಮ್ಮ ಮನೆಯವರು, ಊರಮ್ಮಕ್ಕ, ಎತ್ತಿದರು, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರು. ಆಫೀಸಿನ ರಿಜಿಸ್ಟರಿನಲ್ಲಿ ನಿಮ್ಮ ಚೋರನೂರಿನ ವಿಳಾಸ ಸಿಕ್ಕಿತು. ಶಾಲೆಯ ರಜಾ ಅರ್ಜಿ ಬಿಟ್ಟರೆ ನಾನು ಯಾರಿಗೂ ಪತ್ರ ಬರೆದವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕೈ ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನವೆಂಬರ್ ಹತ್ತೊಂಬತ್ತರಂದು ಉಕ್ಕಿನ ಹಾಳೆ ಸುತ್ತಿದ ಆ ಕಾಯಿಲ್ ನಿಮ್ಮ ಬಲಗೈ ಮೇಲೆ ಇಳಿದ ಮೇಲೆ ನಾನು ಮತ್ತೆ ಕ್ರೇನ್ ನಡೆಸಿಲ್ಲ. ಪ್ರಯತ್ನಪಟ್ಟಿಲ್ಲ ಅಂತಲ್ಲ. ಏಣಿಗೆ ನಲವತ್ತೆರಡು ಮೆಟ್ಟಿಲು, ನಿಮಗೆ ಗೊತ್ತು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಸನ್ನೆ ಮಾಡಲು ನಿಮ್ಮ ಜಾಗಕ್ಕೆ ಬಂದಿರುವ ಯಲ್ಲೇಶ್ ಕೆಳಗೆ ನಿಂತು, "ಇವತ್ತ ಬ್ಯಾಡ ಬಿಡವಾ, ಇಳಿ" ಅನ್ನುತ್ತಾನೆ. ಇಳಿಯುತ್ತೇನೆ. ಈಗ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆದುಕೊಳ್ಳುವುದೇ ನನ್ನ ಕೆಲಸ.

ಮೊನ್ನೆ ಸೂಪರ್‌ವೈಸರ್ ಮಾಲತೇಶ್ ಸರ್ ಕರೆದು ಹೇಳಿದರು: "ಮಾರ್ಚ್ ಇಪ್ಪತ್ತಕ್ಕ ಹೊರಗಿನ ಪರೀಕ್ಷಕರು ಬರ್ತಾರ. ಒಂದ್ ಕಾಯಿಲ್ ಎತ್ತಿ ಸರಿಯಾಗಿ ಇಟ್ಟು ತೋರಿಸು. ಆಗಲಿಲ್ಲಂದ್ರ ಬ್ಯಾರೇದವ್ರನ್ನ ನೋಡ್ಕೊಂತೀವಿ." ಈ ಯಾರ್ಡಿನಲ್ಲಿ ಕ್ರೇನ್ ನಡೆಸುವ ಹೆಂಗಸು ನಾನೊಬ್ಬಳೇ. ನಾನು ಸೋತರೆ ಇನ್ನೊಬ್ಬಳನ್ನು ಹತ್ತಿಸುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಹೊಸಪೇಟೆಯಲ್ಲಿ ಭವ್ಯ ಎಂಬ ಆಪ್ತಸಲಹೆಗಾರರ ಬಳಿ ಹೋಗುತ್ತಿದ್ದೇನೆ. ಒಳ್ಳೆಯವರು. ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳುವುದನ್ನು, ನಾಲ್ಕು ಎಣಿಸುತ್ತ ಬಿಡುವುದನ್ನು ಕಲಿಸಿದ್ದಾರೆ. ಕಣ್ಣು ಮುಚ್ಚಿಕೊಂಡು, ಕೆಲಸ ಚೆನ್ನಾಗಿ ಮಾಡುತ್ತಿರುವಂತೆ ಮನಸ್ಸಿನಲ್ಲೇ ನೋಡಿಕೊಳ್ಳಿ ಎನ್ನುತ್ತಾರೆ. ನೋಡುತ್ತೇನೆ. ಕಾಯಿಲ್ ಎತ್ತುತ್ತೇನೆ, ಲಾರಿಯ ಮೇಲಿಂದ ಸರಿಸುತ್ತೇನೆ. ಇಳಿಸುವ ಹೊತ್ತಿಗೆ ಕಣ್ಣು ತಾನಾಗಿಯೇ ತೆರೆದುಕೊಳ್ಳುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಏಣಿ ಹತ್ತುವ ಮೊದಲು ನೀವು ನನ್ನನ್ನು ಕೆಳಗೆ ನಿಲ್ಲಿಸಿ ಬಾಯಿಬಿಟ್ಟು ಏನೋ ಹೇಳಿಸುತ್ತಿದ್ದಿರಿ. ಆರು ತಿಂಗಳಾದ ಮೇಲೆ ನಾನು ಜಾಣಳಾದೆ ಎಂದುಕೊಂಡು ಬಿಟ್ಟುಬಿಟ್ಟೆ. ಈಗ ನೆನಪಾಗುತ್ತಿಲ್ಲ. ಅದನ್ನೊಂದು ಬರೆದು ಕಳಿಸುತ್ತೀರಾ?

ನಿಮ್ಮ
ಯಶೋಧರಾ


ಚೋರನೂರು
2 ಫೆಬ್ರವರಿ 2025

ಯಶೋಧರಾಗೆ,

ಇದು ಎಡಗೈ ಬರಹ. ಆಸ್ಪತ್ರೆಯವರು ದಿನಾ ಅರ್ಧ ಪುಟ ಬರೆದು ರೂಢಿ ಮಾಡಿಕೊ ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ, ಬೇರೆ ಅರ್ಥ ಬೇಡ.

ಹೇಳಿಸುತ್ತಿದ್ದದ್ದು ಇಷ್ಟು. ಏನು ಎತ್ತುತ್ತೇನೆ. ಎಷ್ಟು ತೂಕ. ಎಲ್ಲಿಂದ ಎಲ್ಲಿಗೆ. ಕೆಳಗೆ ಯಾರಿದ್ದಾರೆ. ಬಾಯಿಬಿಟ್ಟು ಹೇಳಬೇಕು, ಮನಸ್ಸಿನಲ್ಲಲ್ಲ.

ನಾಲ್ಕನೆಯದನ್ನು ನೀನು ಯಾವಾಗಲೂ ಮರೆಯುತ್ತಿದ್ದೆ.

ಬಲಗೈಯಲ್ಲಿ ಹೆಬ್ಬೆರಳೊಂದು ಉಳಿದಿದೆ.

ಸುಂಕಪ್ಪ


ಕಂಪ್ಲಿ
16 ಫೆಬ್ರವರಿ 2025

ಸುಂಕಪ್ಪಣ್ಣನವರಿಗೆ ನಮಸ್ಕಾರ.

ಪತ್ರ ಬಂದ ದಿನ ಮೂರು ಸಲ ಓದಿದೆ. ಕೊನೆಯ ಎರಡು ಸಾಲನ್ನು ಇನ್ನೂ ಹೆಚ್ಚು ಸಲ.

ಎರಡು ದಿನ ರಜೆ ಸಿಕ್ಕಿದ್ದಕ್ಕೆ ಊರಿಗೆ ಬಂದಿದ್ದೇನೆ. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎರಡೂ ಕಡೆ ಸ್ಟೂಲಿನ ಮೇಲೆ ನೀರಿನ ಬಾಟಲಿ ನಿಲ್ಲಿಸಿ, ಅವೇ ಲಿವರ್ ಎಂದುಕೊಂಡು ಅಭ್ಯಾಸ ಮಾಡುತ್ತೇನೆ. ಎಡಗೈಯಲ್ಲಿ ಉದ್ದ ಅಡ್ಡ ಓಡಿಸುವುದು, ಬಲಗೈಯಲ್ಲಿ ಎತ್ತುವುದು ಇಳಿಸುವುದು. ಗದ್ದೆಯಿಂದ ಬಂದ ಅವ್ವ ಬಾಗಿಲಲ್ಲೇ ನಿಂತು ನೋಡಿದಳು.

"ಏನವಾ ಇದು, ಕುಂತಲ್ಲೇ ಗಾಡಿ ಹೊಡಿಯಾಕ ಹತ್ತೀಯಲ್ಲ!"

"ಕೆಲಸ ಕಲಿಯಾಕ ಹತ್ತೀನಬೇ."

"ನಾಕ್ ವರ್ಷದ ಹಿಂದ ಕಲ್ತಿದ್ದಿ. ಮತ್ತೇನ್ ಕಲೀತಿ?"

ಅವ್ವನಿಗೆ ನಿಮ್ಮ ಕೈಯ ವಿಷಯ ಗೊತ್ತು, ನನ್ನ ಕಾಲಿನ ವಿಷಯ ಗೊತ್ತಿಲ್ಲ. ನಾನಿನ್ನೂ ದಿನಾ ಮೇಲೆ ಕೂತು ಬರುತ್ತೇನೆ ಎಂದೇ ತಿಳಿದಿದ್ದಾಳೆ.

ಹೋದ ಭಾನುವಾರ ಹಾಸ್ಟೆಲಿನ ಹುಡುಗಿಯರು ಮನಸ್ಸು ಹಗುರಾಗಲಿ ಎಂದು ಹಂಪಿಗೆ ಎಳೆದುಕೊಂಡು ಹೋದರು. ಒಂದರ ಮೇಲೊಂದು ಬಂಡೆ ಕೂತಿರುತ್ತವಲ್ಲ, ಎಲ್ಲರೂ ಅವುಗಳ ಕೆಳಗೆ ನಿಂತು, ಹೊತ್ತುಕೊಂಡವರ ಹಾಗೆ ಕೈ ಮೇಲೆತ್ತಿ ಫೋಟೋ ತೆಗೆಸಿಕೊಂಡರು. ನನಗೆ ಅದರ ನೆರಳಿನಲ್ಲಿ ಕಾಲಿಡಲೂ ಆಗಲಿಲ್ಲ. "ಆಚೆ ಬರ್ರಿ, ಆಚೆ ಬರ್ರಿ" ಎಂದು ಕೂಗಿಬಿಟ್ಟೆ. ಅವರು ಮೊದಲು ನಕ್ಕರು. ನನ್ನ ಮುಖ ನೋಡಿ ಒಬ್ಬೊಬ್ಬರೇ ಆಚೆ ಬಂದರು.

ನೀವು ಬರೆದ ನಾಲ್ಕನ್ನೂ ಬಾಯಿಬಿಟ್ಟು ಹೇಳಿ ಈಗ ಏಣಿ ಹತ್ತುತ್ತಿದ್ದೇನೆ. ನಾಲ್ಕನೆಯದನ್ನು ಎರಡು ಸಲ ಹೇಳುತ್ತೇನೆ. ಗುರುವಾರ ಇಪ್ಪತ್ತಮೂರನೆಯ ಮೆಟ್ಟಿಲವರೆಗೆ ಹೋದೆ. ಅಲ್ಲಿಂದ ನೀವು ಅವತ್ತು ನಿಂತಿದ್ದ ಜಾಗ ಕಾಣುತ್ತದೆ.

ಅವತ್ತು ನಾನು

ಬೇಡ. ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ.

ನಿಮ್ಮ
ಯಶೋಧರಾ


ಚೋರನೂರು
27 ಫೆಬ್ರವರಿ 2025

ಯಶೋಧರಾಗೆ,

ಅಕ್ಷರ ಸ್ವಲ್ಪ ಹತೋಟಿಗೆ ಬಂದಿದೆ. ಈ ಪುಟ ಬರೆಯಲು ಎರಡು ದಿನ ಹಿಡಿಯಿತು.

ನಿನ್ನ ಪತ್ರ ಬಂದಾಗೆಲ್ಲ ಊರಮ್ಮ, "ಆಕಿಗ್ಯಾಕ ಬರೀತೀರಿ? ಆಕಿಗೇನ್ ಆಗೇತಿ? ಐದೂ ಬೆರಳು ನೆಟ್ಟಗ ಅದಾವ" ಎನ್ನುತ್ತಾಳೆ. ನನಗೂ ಕೆಲವು ದಿನ ಹಾಗೇ ಅನ್ನಿಸುತ್ತದೆ. ಬೆಳಿಗ್ಗೆ ಅಂಗಿ ಗುಂಡಿ ಹಾಕಿಕೊಳ್ಳುವಾಗ ಖಂಡಿತ ಅನ್ನಿಸುತ್ತದೆ.

ಆದರೆ ಕೆಲಸದ ಮಾತು ಬೇರೆ. ಕೇಳಿದ್ದೀಯ, ಹೇಳುತ್ತೇನೆ.

ಹೆದರಿಕೆ ಹೋಗಲಿ, ಆಮೇಲೆ ಹತ್ತುತ್ತೇನೆ ಎಂದು ಕಾಯಬೇಡ. ಇಪ್ಪತ್ತಮೂರು ವರ್ಷ ಭಾರದ ಹತ್ತಿರ ನಿಂತವನು ನಾನು, ಒಂದು ದಿನವೂ ಅದು ಹೋಗಿರಲಿಲ್ಲ. ಹೆದರಿಕೆಯಾದಾಗ ಕೈ ಏನು ಮಾಡಬೇಕು ಎನ್ನುವುದನ್ನು ಕೈಗೆ ಕಲಿಸು. ಕುರ್ಚಿಯಲ್ಲಿ ಅಭ್ಯಾಸ ಮಾಡುತ್ತೀಯಲ್ಲ, ಎತ್ತಿ ಇಳಿಸುವುದನ್ನು ಮಾತ್ರ ಮಾಡಬೇಡ. ನಿಲ್ಲಿಸುವುದನ್ನೂ ಮಾಡು. ಕೆಳಗಿನವನ ಸನ್ನೆ ಸ್ಪಷ್ಟ ಇಲ್ಲ ಅನ್ನಿಸಿದ ಕೂಡಲೇ ಎರಡೂ ಕೈ ಲಿವರ್ ಬಿಟ್ಟು ಮೊಣಕಾಲ ಮೇಲೆ ಬರಬೇಕು. ಯೋಚಿಸಿ ಬರುವುದಲ್ಲ, ತಾನಾಗಿಯೇ ಬರಬೇಕು. ದಿನಕ್ಕೆ ನೂರು ಸಲ ಮಾಡು. ಯಾರಾದರೂ ನಕ್ಕರೆ ನಗಲಿ.

ಇನ್ನೊಂದು. ಅವಘಡದ ಬಗ್ಗೆ ಯಾರ್ಡಿನವರು ಬರೆದ ಕಾಗದದಲ್ಲಿ ಸುಂಕಪ್ಪ ಇಳಿಸು ಎಂದು ಸನ್ನೆ ಮಾಡಿದ, ಆಮೇಲೆ ತಾನೇ ಕೈ ಹಾಕಿದ ಎಂದಿದೆ. ನಾನು ಮಂಪರಿನಲ್ಲಿದ್ದಾಗ ಅದರ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೆಳಗೆ ಸಾಕ್ಷಿ ಎಂದು ನಿನ್ನ ಸಹಿ ಇದೆ.

ಅವತ್ತು ನನ್ನ ಕೈ ನಿನಗೆ ಹೇಗೆ ಕಂಡಿತು?

ಸುಂಕಪ್ಪ


ತೋರಣಗಲ್ಲು
8 ಮಾರ್ಚ್ 2025

ಸುಂಕಪ್ಪಣ್ಣನವರಿಗೆ ನಮಸ್ಕಾರ.

ಇದಕ್ಕೆ ಮುಂಚೆ ಬರೆದ ಮೂರು ಪತ್ರಗಳನ್ನು ಹರಿದು ಹಾಕಿದೆ. ಇದನ್ನು ಬರೆದ ಕೂಡಲೇ ಡಬ್ಬಿಗೆ ಹಾಕಿಬಿಡುತ್ತೇನೆ.

ಹದಿನೆಂಟು ಟನ್ನಿನ ಕಾಯಿಲ್. ನೆಲದ ಮೇಲಿಟ್ಟ ಮರದ ದಿಮ್ಮಿಗಳಿಗಿಂತ ಒಂದು ಗೇಣು ಮೇಲೆ ನಿಲ್ಲಿಸಿದ್ದೆ. ನೀವು ಬಗ್ಗಿದಿರಿ. ನಿಮ್ಮ ಬಲಗೈ ನೆಲದ ಕಡೆ ಚಾಚಿತು, ಅಲ್ಲಾಡಿತು. ನಾನು ಲಿವರ್ ಒತ್ತಿದೆ. ಅಷ್ಟೇ. ಆಮೇಲೆ ನಿಮ್ಮ ದನಿ ಕೇಳಿಸಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮಾಲತೇಶ್ ಸರ್ ಕಾಗದ ಹಿಡಿದು ಬಂದರು. "ಅವ್ರು ಸಿಗ್ನಲ್ ಕೊಟ್ಟಿದ್ರಲ್ಲ?" ಎಂದರು. ನಾನು ಕಾಗದದ ಕಡೆ ನೋಡಿದೆ. "ಕೊಟ್ಟಿದ್ರಿಲ್ಲೋ? ಕೊಡದಽ ನೀನು ಇಳಿಸಿದ್ರ ಅದು ಬ್ಯಾರೇನ ಆಕ್ಕೈತಿ ನೋಡವಾ" ಎಂದರು. ನಾನು ಹ್ಞೂಂ ಎಂದೆ, ಸಹಿ ಹಾಕಿದೆ. ಆ ಹ್ಞೂಂ ಅನ್ನುವಾಗ ನನಗೆ ಹೆದರಿಕೆ ಇತ್ತು. ಆದರೆ ನಿಮ್ಮ ಕೈ ಏನಾಯಿತೋ ಎಂಬ ಹೆದರಿಕೆಯಲ್ಲ ಅದು. ನನ್ನದೇನಾಗುತ್ತದೋ ಎಂಬುದು.

ಆ ಕಾಗದದ ಆಧಾರದ ಮೇಲೆ ನಿಮ್ಮನ್ನು ಕೆಲಸದಿಂದ ತೆಗೆದರು ಎಂಬುದು ನನಗೆ ಡಿಸೆಂಬರಿನಲ್ಲೇ ಗೊತ್ತು. ಮೊದಲ ಪತ್ರದಲ್ಲಿ ಅದನ್ನು ಬರೆಯಲಿಲ್ಲ. ಏಣಿಯ ಬಗ್ಗೆ ಬರೆದೆ.

ಇದನ್ನು ಭವ್ಯ ಅವರಿಗೂ ಹೇಳಿರಲಿಲ್ಲ. ಈ ವಾರ ಹೇಳಿದೆ. ಅವರು, "ಇದನ್ನ ಇಟ್ಕೊಂಡು ಎಷ್ಟು ಉಸಿರು ಎಣಿಸಿದರೂ ಅಷ್ಟೇ" ಎಂದರು.

ನಿಜ ಹೇಳಬೇಕೆಂದರೆ ನಾನು ಏನು ಕಂಡೆ ಎಂದು ನನಗೇ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಒಂದು ಸಲ ನಿಮ್ಮ ತೋರುಬೆರಳು ಕೆಳಗೆ ತೋರಿಸಿ ತಿರುಗುತ್ತಿರುತ್ತದೆ. ಇನ್ನೊಂದು ಸಲ ಅಂಗೈ ಬಿಚ್ಚಿ ನಿಲ್ಲು ಎನ್ನುತ್ತಿರುತ್ತದೆ. ಯಾವುದು? ನಿಮಗೆ ಮಾತ್ರ ಗೊತ್ತು. ಏನೇ ಇದ್ದರೂ ಬರೆಯಿರಿ. ಪರೀಕ್ಷೆಗೆ ಹನ್ನೆರಡು ದಿನ ಇದೆ, ನಾನು ನಲವತ್ತೆರಡನೆಯ ಮೆಟ್ಟಿಲು ಮುಟ್ಟಿದ್ದೇನೆ, ಆದರೆ ಮೇಲೆ ಕೂತು ಯಾವ ಕೈಯನ್ನು ನಂಬಲಿ?

ಯಶೋಧರಾ


ಚೋರನೂರು
15 ಮಾರ್ಚ್ 2025

ಯಶೋಧರಾಗೆ,

ಎರಡೂ ಅಲ್ಲ. ನಾನು ಸನ್ನೆಯನ್ನೇ ಮಾಡಲಿಲ್ಲ.

ಒಂದು ದಿಮ್ಮಿ ವಾರೆಯಾಗಿತ್ತು. ಅದನ್ನು ಎಳೆದು ನೆಟ್ಟಗೆ ಮಾಡಲು ಕೈ ಚಾಚಿದೆ. ಮೊದಲು ಅಂಗೈ ಎತ್ತಿ ನಿನ್ನನ್ನು ನಿಲ್ಲಿಸಿ ಆಮೇಲೆ ಬಗ್ಗಬೇಕಿತ್ತು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಶಿಫ್ಟ್ ಮುಗಿಯುತ್ತಿತ್ತು. ಹಿಂದೆಯೂ ಹಾಗೆ ಬಗ್ಗಿದ್ದೇನೆ. ಆಗೆಲ್ಲ ನೀನು ಕಾದಿದ್ದೆ. ಅವತ್ತು ಕಾಯಲಿಲ್ಲ.

ನನ್ನ ತಪ್ಪು ನನಗೆ ಗೊತ್ತು. ಆದರೆ ಕಾಗದದಲ್ಲಿ ಬರೆದಿರುವ ತಪ್ಪು ನನ್ನದಲ್ಲ. ಸಂಡೂರಿನಲ್ಲಿ ಕಾವಲುಗಾರನ ಕೆಲಸ ಕೇಳಲು ಹೋದರೂ, "ತಪ್ಪು ಸಿಗ್ನಲ್ ಕೊಟ್ಟ ಸುಂಕಪ್ಪ ನೀನೇನಪಾ?" ಎಂದು ಕೇಳುತ್ತಾರೆ. ಇಪ್ಪತ್ತಮೂರು ವರ್ಷದಲ್ಲಿ ನಾನು ಒಂದೇ ಒಂದು ತಪ್ಪು ಸನ್ನೆ ಮಾಡಿಲ್ಲ. ಬೆರಳು ಹೋಗಿದ್ದಕ್ಕಿಂತ ಇದು ಹೆಚ್ಚು ನೋಯುತ್ತದೆ. ಊರಮ್ಮನಿಗೆ ಇದನ್ನು ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಪರೀಕ್ಷೆಗೆ ಮುಂಚೆ ಇದನ್ನು ಬರೆಯುವುದೋ ಬೇಡವೋ ಎಂದು ಒಂದು ದಿನ ಕೂತೆ. ನೀನೇ ಕೇಳಿದ್ದೀಯ.

ಸುಂಕಪ್ಪ


ತೋರಣಗಲ್ಲು
23 ಮಾರ್ಚ್ 2025

ಸುಂಕಪ್ಪಣ್ಣನವರಿಗೆ ನಮಸ್ಕಾರ.

ನಿಮ್ಮ ಪತ್ರ ಹತ್ತೊಂಬತ್ತರ ಮಧ್ಯಾಹ್ನ ಕೈಗೆ ಬಂತು. ಗೇಟಿನಲ್ಲಿ ನಿಂತೇ ಓದಿದೆ. ಆಮೇಲೆ ಮುಖ ತೊಳೆದುಕೊಂಡು ಮಾಲತೇಶ್ ಸರ್ ಹತ್ತಿರ ಹೋಗಿ, ನನ್ನ ಹೇಳಿಕೆ ಬದಲಿಸಬೇಕು ಎಂದೆ.

ಅವರು ಬಾಗಿಲು ಹಾಕಿಸಿದರು. "ನಾಳೆ ಟೆಸ್ಟ್ ಇಟ್ಕೊಂಡು ಇವತ್ತ ಇದ್ಯಾಕವಾ? ಮೊದಲು ಪಾಸಾಗು. ಆಮ್ಯಾಲೆ ನೋಡೋಣಂತ" ಎಂದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಪರೀಕ್ಷಕರು ಬಂದರು. ಬಿಳಿ ಮೀಸೆಯ ಹಿರಿಯರು, ಕೈಯಲ್ಲಿ ಸ್ಟಾಪ್‌ವಾಚ್. ಕ್ರೇನ್ ಹತ್ತುವ ಮೊದಲೇ ನಾನು ಬರೆದಿಟ್ಟುಕೊಂಡಿದ್ದ ಕಾಗದವನ್ನು ಅವರ ಕೈಗೆ ಕೊಟ್ಟೆ. ಸುಂಕಪ್ಪ ಯಾವ ಸನ್ನೆಯನ್ನೂ ಮಾಡಿರಲಿಲ್ಲ, ನಾನು ಸನ್ನೆಗೆ ಕಾಯದೆ ಇಳಿಸಿದೆ, ಆಮೇಲೆ ಸುಳ್ಳು ಹೇಳಿದೆ ಎಂದು ಅದರಲ್ಲಿತ್ತು. ಅವರು ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದಿದರು. ಮಾಲತೇಶ್ ಸರ್ ನನ್ನ ಕಡೆ ನೋಡಲಿಲ್ಲ.

"ಇದನ್ನ ಟೆಸ್ಟ್ ಆದಮ್ಯಾಲೆ ಕೊಡಬಹುದಿತ್ತಲ್ಲಮಾ?"

"ಆದಮ್ಯಾಲೆ ಕೊಡ್ತಿದ್ನೋ ಇಲ್ಲೋ ನನಗಽ ಗ್ಯಾರಂಟಿ ಇಲ್ರಿ ಸರ್."

ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. "ಹತ್ತು" ಎಂದರು.

ಹತ್ತಿದೆ. ಕಾಲು ನಡುಗಿತು, ನಡುಗುವ ಕಾಲಿನಲ್ಲೇ ಹತ್ತಿದೆ. ಕಾಯಿಲ್ ಎತ್ತಿದೆ. ಸ್ವಲ್ಪ ತೂಗಾಡಿತು, ಹಿಡಿದೆ. ದಿಮ್ಮಿಗಳ ಮೇಲೆ ತಂದು ನಿಲ್ಲಿಸಿ ಇಳಿಸುವ ಹೊತ್ತಿಗೆ ಯಲ್ಲೇಶ್ ಕೈ ಕೆಳಗೆ ಮಾಡಿ ಏನೋ ಅಲ್ಲಾಡಿಸಿದ. ಇಳಿಸು ಎಂದೋ, ಬೆವರು ಕೊಡವಿದನೋ ತಿಳಿಯಲಿಲ್ಲ. ನೋಡುತ್ತೇನೆ, ನನ್ನ ಎರಡೂ ಕೈ ಮೊಣಕಾಲ ಮೇಲಿವೆ. ಯಾವಾಗ ಬಂದವೋ ಗೊತ್ತಿಲ್ಲ. ಗಂಟೆ ಬಾರಿಸಿದೆ. ಅವನು ಮತ್ತೆ ಅರೆಬರೆ ಕೈ ಆಡಿಸಿದ, ನಾನು ಮತ್ತೆ ಗಂಟೆ ಬಾರಿಸಿದೆ. ಕೆಳಗಿನಿಂದ ಯಾರೋ "ಟೈಮ್ ಆಗಾಕ ಹತ್ತೈತಿ, ಇಳಸವಾ" ಎಂದು ಕೂಗಿದರು. ಕೊನೆಗೆ ಅವನು ನೆಟ್ಟಗೆ ನಿಂತು, ತೋಳು ಚಾಚಿ, ಬೆರಳು ಕೆಳಗೆ ಮಾಡಿ ತಿರುಗಿಸಿದ. ಇಳಿಸಿದೆ.

ಗೊತ್ತುಮಾಡಿದ ಸಮಯಕ್ಕಿಂತ ನಾಲ್ಕು ನಿಮಿಷ ಹೆಚ್ಚಾಯಿತು. ಪರೀಕ್ಷಕರು ಫಲಿತಾಂಶ ಹೇಳದೆ ಹೊರಟುಹೋದರು. ಯಾರ್ಡಿನಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ನಿನ್ನೆಯಿಂದ ಗೇಟಿಗೂ ಬರಬೇಡ ಎಂದಿದ್ದಾರೆ.

ನನ್ನ ಕಾಗದದ ಇನ್ನೊಂದು ಪ್ರತಿ ಈ ಲಕೋಟೆಯಲ್ಲಿದೆ.

ಯಶೋಧರಾ


ಚೋರನೂರು
19 ಏಪ್ರಿಲ್ 2025

ಯಶೋಧರಾಗೆ,

ಇಷ್ಟು ದಿನ ಬರೆಯಲಿಲ್ಲ. ನೀನು ಕಳಿಸಿದ ಪ್ರತಿಯನ್ನು ಊರಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಕೊಟ್ಟಿಗೆ ಬಳಿದಳು.

ನಿನ್ನೆ ನನಗೆ ನೋಟಿಸ್ ಬಂದಿದೆ. ಇಪ್ಪತ್ತೆಂಟಕ್ಕೆ ಯಾರ್ಡಿನಲ್ಲಿ ಮರುವಿಚಾರಣೆ. ಅದೇ ಜಾಗದಲ್ಲಿ ನಿಂತು ಆದದ್ದನ್ನು ತೋರಿಸಬೇಕಂತೆ. ಇದನ್ನೇ ಬೇಕು ಎಂದುಕೊಂಡಿದ್ದವನು ನಾನು. ಈಗ ನೋಟಿಸನ್ನು ಮಡಚಿ ದಿಂಬಿನ ಕೆಳಗಿಟ್ಟು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೇನೆ. ತಲೆಯ ಮೇಲೆ ಕೊಕ್ಕೆ ತೂಗುವ ಜಾಗದಲ್ಲಿ ಕಾಲಿಡಬೇಕು ಎಂದು ನೆನೆದರೆ ಇಲ್ಲದ ಬೆರಳುಗಳು ಜುಮ್ಮೆನ್ನುತ್ತವೆ. ನಿನಗೆ ದೊಡ್ಡದಾಗಿ ಬರೆದೆ. ನನಗೆ ಯಾರು ಬರೆಯುತ್ತಾರೆ?

ನಿನ್ನ ಫಲಿತಾಂಶ ಏನಾಯಿತು?

ಸುಂಕಪ್ಪ


ಕಂಪ್ಲಿ
23 ಏಪ್ರಿಲ್ 2025

ಸುಂಕಪ್ಪಣ್ಣನವರಿಗೆ ನಮಸ್ಕಾರ.

ಪಾಸಾಗಿದ್ದೇನೆ. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಮೂರು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಆಮೇಲೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅವ್ವನಿಗೆ ಎಲ್ಲ ಹೇಳಿದ್ದೇನೆ. ಅತ್ತಳು, ಆಮೇಲೆ ಬೆಳಿಗ್ಗೆ ನನ್ನನ್ನೂ ಗದ್ದೆಗೆ ಕರೆದುಕೊಂಡು ಹೋದಳು.

ಇಪ್ಪತ್ತೆಂಟಕ್ಕೆ ನನ್ನನ್ನೂ ಕರೆದಿದ್ದಾರೆ. ಸಂಡೂರು ಬಸ್ ನಿಲ್ದಾಣದಲ್ಲಿ ಎಂಟು ಗಂಟೆಗೆ ಇರುತ್ತೇನೆ, ಜೊತೆಯಲ್ಲೇ ಹೋಗೋಣ. ಗೇಟಿನವರೆಗೆ ಹೋಗಿ ಆಗುವುದಿಲ್ಲ ಅನ್ನಿಸಿದರೆ ಹೇಳಿ, ವಾಪಸು ಬಸ್ ಹತ್ತೋಣ. ನಾನು ಏನೂ ಅನ್ನುವುದಿಲ್ಲ. ಒಂಬತ್ತನೆಯ ಮೆಟ್ಟಿಲಿನಿಂದ ಎಷ್ಟು ದಿನ ಇಳಿದಿದ್ದೇನೆ ಎಂದು ನನಗೆ ಗೊತ್ತು.

ಯಶೋಧರಾ


ಚೋರನೂರು
1 ಮೇ 2025

ಯಶೋಧರಾಗೆ,

ಅವತ್ತು ಬಸ್ಸಿನಲ್ಲಿ ಹೋಗುವಾಗ ಬರುವಾಗ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಎದುರೆದುರು ಹೇಳಲು ಆಗದ್ದನ್ನು ಬರೆಯುತ್ತೇನೆ.

ಅವತ್ತಿನ ಹಾಗೆ ನಿನ್ನನ್ನೇ ಕ್ರೇನ್ ಹತ್ತಿಸಿ, ಖಾಲಿ ಕೊಕ್ಕೆಯನ್ನು ಮೇಲೆ ನಿಲ್ಲಿಸಿ, ದಿಮ್ಮಿ ವಾರೆ ಇಟ್ಟು, ಬಗ್ಗಿ ತೋರಿಸು ಎಂದರು. ನನಗೆ ಬಗ್ಗಲು ಆಗಲಿಲ್ಲ. ಬೆನ್ನು ಕಬ್ಬಿಣವಾಗಿತ್ತು. ಎಲ್ಲರೂ ನೋಡುತ್ತಿದ್ದರು. ತಲೆಯೆತ್ತಿ ನೋಡಿದೆ. ಕ್ಯಾಬಿನ್ನಿನ ಗಾಜಿನ ಹಿಂದೆ ನೀನು ಎರಡೂ ಕೈಗಳನ್ನು ನನಗೆ ಕಾಣುವ ಹಾಗೆ ಮೇಲಕ್ಕೆತ್ತಿ ಹಿಡಿದುಕೊಂಡಿದ್ದೆ. ನಾನು ಬಗ್ಗಿ, ಎಡಗೈ ಚಾಚಿ, ದಿಮ್ಮಿ ಎಳೆದು, ಎದ್ದು ನಿಲ್ಲುವವರೆಗೂ ಹಾಗೇ ಹಿಡಿದಿದ್ದೆ. ತೋಳಿಗೆ ನೋವಾಗಿರಬೇಕು.

ವಿಚಾರಣೆಯ ಅಧಿಕಾರಿ ಮೈಕಿನಲ್ಲಿ, "ಇದು ಸನ್ನೆಯಾ?" ಎಂದು ಕೇಳಿದರು. ನೀನು, "ಅಲ್ರಿ. ಅವತ್ತೂ ಅಲ್ಲ" ಎಂದೆ. ಯಾರ್ಡಿನ ಆ ತುದಿಯಲ್ಲಿ ಟೀ ಕುಡಿಯುತ್ತಿದ್ದವರೂ ತಿರುಗಿ ನೋಡಿದರು.

ಹೊಸ ಕಾಗದದ ಪ್ರತಿ ನಿನ್ನೆ ಬಂತು. ನಿಲ್ಲಿಸದೆ ಬಗ್ಗಿದ್ದು ನನ್ನ ತಪ್ಪು, ಕಾಯದೆ ಇಳಿಸಿದ್ದು ನಿನ್ನ ತಪ್ಪು, ಮಂಪರಿನಲ್ಲಿದ್ದವನ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಯಾರ್ಡಿನ ತಪ್ಪು ಎಂದು ಬರೆದಿದ್ದಾರೆ. ತಪ್ಪು ಸನ್ನೆ ಎಂಬ ಮಾತನ್ನು ಹೊಡೆದುಹಾಕಿದ್ದಾರೆ. ಹೊಸಬರಿಗೆ ಸನ್ನೆ ಕಲಿಸಲು ವಾರಕ್ಕೆರಡು ದಿನ ಬಾ ಎಂದೂ ಕೇಳಿದ್ದಾರೆ. ಹೋಗುತ್ತೇನೋ ಇಲ್ಲವೋ, ಇನ್ನೂ ತಿಳಿಯದು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಆ ಮಾತು ಇನ್ನೂ ಬರುತ್ತಿಲ್ಲ. ಬರದೆ ಬರೆದರೆ ಅದೂ ಸುಳ್ಳು ಕಾಗದವೇ ಆಗುತ್ತದೆ. ಆದರೆ ನಿನ್ನ ಮೇಲಿನ ಸಿಟ್ಟನ್ನು ಬೆಳಿಗ್ಗೆ ಎದ್ದ ಕೂಡಲೇ ಹುಡುಕಿಕೊಂಡು ಹೋಗುವುದನ್ನು ಬಿಟ್ಟಿದ್ದೇನೆ.

ಈ ಭಾನುವಾರ ನಿನ್ನ ಅವ್ವನನ್ನೂ ಕರೆದುಕೊಂಡು ಊಟಕ್ಕೆ ಬಾ. ಊರಮ್ಮ ನಿನ್ನ ಜೊತೆ ಮಾತಾಡುತ್ತಾಳೆ ಎಂದು ನಾನು ಹೇಳಲಾರೆ. ನಿನ್ನೆ ಅವಳೇ ಗಿರಣಿಗೆ ಹೋಗಿ ಹೊಸ ಜೋಳ ಬೀಸಿಸಿಕೊಂಡು ಬಂದಿದ್ದಾಳೆ. ಯಾರಿಗೆ ಎಂದು ಕೇಳಿದೆ. "ಬರೋರು ಉಪಾಸ ಹೋಗ್ತಾರೇನು?" ಎಂದಳು.

ಸುಂಕಪ್ಪ